ಇಂದಿನ ಧಮ್ಮ ಚಿಂತನೆ: ಕೆರೆ ತುಂಬಬೇಕು, ತೂಬನ್ನೂ ಕಾಯಬೇಕು

 

ಇಂದು ತಿಂಗಳ ಮೊದಲ ದಿನ. ಕೆಲವರ ಮೊಬೈಲಿಗೆ ಪಗಾರ ಜಮಾ ಆದ ಮೆಸೇಜು ಬಂದಿರುತ್ತದೆ, ಕೆಲವರಿಗೆ ಸಂಘದ ಕಂತು ನೆನಪಾಗಿರುತ್ತದೆ. ಆದ್ದರಿಂದ ಇಂದು ದುಡ್ಡಿನ ಮಾತನ್ನೇ ಆಡೋಣ. ಇದು ಧಮ್ಮದ ಹೊರಗಿನ ಮಾತಲ್ಲ.

ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥ ಭಗವಾನ್ ಬುದ್ಧರ ಬಳಿಗೆ ಬರುತ್ತಾನೆ. ತಾವು ಹೆಂಡತಿ ಮಕ್ಕಳೊಂದಿಗೆ ಬದುಕುವವರು, ಬೆಳ್ಳಿ ಬಂಗಾರ ಮುಟ್ಟುವವರು, ತಮ್ಮಂಥವರಿಗೂ ಹಿತವಾಗುವುದನ್ನು ತಿಳಿಸಿ ಎಂದು ಕೇಳುತ್ತಾನೆ. ಎಲ್ಲ ಬಿಟ್ಟು ಬಾ ಎಂದು ಬುದ್ಧರು ಅವನಿಗೆ ಹೇಳಲಿಲ್ಲ. ನಾಲ್ಕು ವಿಷಯ ತಿಳಿಸಿದರು. ಮೊದಲನೆಯದು ಉಟ್ಠಾನ ಸಂಪದ, ಅಂದರೆ ಮಾಡುವ ಕೆಲಸದಲ್ಲಿ ಶ್ರಮ ಮತ್ತು ಜಾಣ್ಮೆ. ಎರಡನೆಯದು ಆರಕ್ಖ ಸಂಪದ, ಗಳಿಸಿದ್ದನ್ನು ಕಾಯುವುದು. ಮೂರನೆಯದು ಕಲ್ಯಾಣಮಿತ್ತತಾ, ಒಳ್ಳೆಯವರ ಗೆಳೆತನ. ನಾಲ್ಕನೆಯದು ಸಮಜೀವಿತಾ, ಆದಾಯಕ್ಕೆ ತಕ್ಕ ಬದುಕು.

ಅಲ್ಲೇ ಒಂದು ಕೆರೆಯ ಹೋಲಿಕೆಯೂ ಇದೆ. ನೀರು ಬರುವ ದಾರಿ ನಾಲ್ಕು, ಹೋಗುವ ದಾರಿ ನಾಲ್ಕು. ಬರುವ ದಾರಿ ಮುಚ್ಚಿ, ಹೋಗುವ ದಾರಿ ತೆರೆದಿಟ್ಟು, ಮಳೆಯೂ ಕೈಕೊಟ್ಟರೆ ಕೆರೆ ಬತ್ತುತ್ತದೆ. ನಮ್ಮ ಗಜೇಂದ್ರಗಡದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಎಷ್ಟೆಂದು ಗೊತ್ತು, ಬತ್ತಿದ ಕೆರೆ ಹೇಗಿರುತ್ತದೆಂದೂ ಗೊತ್ತು.

ಈ ಸುತ್ತವನ್ನು ಓದಿಯೂ ನಾನು ತೂಬು ತೆರೆದಿಟ್ಟವನು. ಅದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ತಂಗಿಯ ಮದುವೆಯನ್ನು ಬೌದ್ಧ ಪದ್ಧತಿಯಲ್ಲೇ ಮಾಡಿದೆವು. ತ್ರಿಶರಣ, ಪಂಚಶೀಲ, ವಧೂವರರ ಪ್ರತಿಜ್ಞೆ, ಅರ್ಧ ತಾಸಿನಲ್ಲಿ ಮುಗಿಯಿತು. ಆದರೆ ಪೆಂಡಾಲು, ಡಿಜೆ, ಬ್ಯಾನರು, ಎಂಟುನೂರು ಜನರ ಊಟ! ಪುರೋಹಿತರನ್ನು ಬಿಟ್ಟೆವು, ಆಡಂಬರವನ್ನು ಬಿಡಲಿಲ್ಲ. "ಮಾಸ್ತರ ಮನಿ ಮದುವಿ" ಅಂತ ಜನ ಮಾತಾಡಬೇಕಲ್ಲ! ಅದಕ್ಕಾಗಿ ಎರಡು ಲಕ್ಷ ರೂಪಾಯಿ ಕೈಸಾಲ ತಂದೆ. ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಅಂದರೆ ತಿಂಗಳಿಗೆ 6,000. ಇಪ್ಪತ್ತೆರಡು ತಿಂಗಳು ಕಟ್ಟಿದೆ. 1,32,000 ರೂಪಾಯಿ ಹೋಯಿತು, ಅಸಲು ಹಾಗೇ ಕೂತಿತ್ತು. ಆ ವರ್ಷ ಎಂ.ಎ. ಎರಡನೇ ವರ್ಷದ ಶುಲ್ಕ ಕಟ್ಟಲಾಗದೆ ಓದು ಒಂದು ವರ್ಷ ಹಿಂದೆ ಬಿತ್ತು. ಸಾಲ ಪಗಾರವನ್ನಷ್ಟೇ ತಿನ್ನುವುದಿಲ್ಲ, ನಾವು ಬೆಳೆಯುವ ದಾರಿಯನ್ನೂ ತಿನ್ನುತ್ತದೆ.

ಒಂದು ಸಂತೆಯ ದಿನ ಚಹಾದಂಗಡಿಯಲ್ಲಿ ಕೂತಿದ್ದೆ. ಸಾಲ ಕೊಟ್ಟವರು ಬಂದರು. ನನಗೆ ಗೊತ್ತಿಲ್ಲದೆಯೇ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟೆ. ಪಕ್ಕದಲ್ಲಿ ನಮ್ಮ ಶಾಲೆಯ ಇಬ್ಬರು ಹುಡುಗರಿದ್ದರು. ಮನೆಗೆ ಬಂದು ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಪಗಾರ ತಗೊಳ್ಳೋ ಮಾಸ್ತರ ಆಗಿ, ನಿಮ್ಮ ಮುತ್ಯಾ ನಿಂತಂಗ ನಿಂತು ಬಂದ್ಯಲ್ಲೋ ತಮ್ಮಾ" ಅಂದಳು.

ನಮ್ಮ ಮುತ್ಯಾ ಮದುವೆಯ ಸಾಲಕ್ಕೇ ಜೀತಕ್ಕೆ ನಿಂತವನು. ಜೀತವನ್ನು 1976ರ ಕಾಯ್ದೆ ಅಳಿಸಿತು. ನಾನು ಓದಿ, ನೌಕರಿ ಹಿಡಿದು, ಅದೇ ಜೀತವನ್ನು ಬಡ್ಡಿಯ ರೂಪದಲ್ಲಿ ಮನೆಗೆ ಕರೆದಿದ್ದೆ.

ಮರುದಿನ ಲೆಕ್ಕ ಹಾಕಿದೆ. ನೌಕರರ ಪತ್ತಿನ ಸಹಕಾರ ಸಂಘದಲ್ಲಿ ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿ. ಎರಡು ಲಕ್ಷ ತೆಗೆದು ಮೂರು ವರ್ಷ ತೀರಿಸಿದರೆ ತಿಂಗಳ ಕಂತು ಸುಮಾರು 6,650. ಕೈಸಾಲದ ಬಡ್ಡಿಗಿಂತ ಆರುನೂರ ಐವತ್ತು ಹೆಚ್ಚು, ಅಷ್ಟೇ. ಆದರೆ ಮೂರು ವರ್ಷಕ್ಕೆ ಸಾಲವೇ ಇಲ್ಲ! ಈ ಲೆಕ್ಕವನ್ನು ಸಾಲ ತರುವ ಮುಂಚೆ ಮಾಡಬೇಕಿತ್ತು. ಕಂತು ಮುಗಿದ ಮೇಲೂ ಅದೇ ಹಣವನ್ನು ಅಂಚೆ ಕಚೇರಿಯ ಆರ್.ಡಿ.ಗೆ ಕಟ್ಟುತ್ತ ಬಂದೆ. ಇಲ್ಲದ್ದಕ್ಕೆ ಹೊಂದಿಕೊಂಡಿದ್ದ ಮನೆ, ಇದ್ದಾಗಲೂ ಹೊಂದಿಕೊಂಡಿತು.

ಹಾಗಾದರೆ ಸಾಲವೇ ತಪ್ಪೇ? ಬಾಬಾಸಾಹೇಬರ ಬದುಕು ನೋಡೋಣ. ಲಂಡನ್ನಿನ ಓದು ಅರ್ಧಕ್ಕೆ ನಿಂತು ಮರಳಿದ ಅವರು 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಪಗಾರದಲ್ಲಿ ಉಳಿಸಿದರು. ಆ ಉಳಿತಾಯ, ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಅವರಿಂದ ಪಡೆದ ಐದು ಸಾವಿರ ರೂಪಾಯಿ ಸಾಲ, ಇವನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಅರೆಹೊಟ್ಟೆಯಲ್ಲಿ ಓದಿದರು. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಅವರ ಗ್ರಂಥ ಹೊರಬಂತು. ದೀಘಜಾಣುವಿಗೆ ಹೇಳಿದ ನಾಲ್ಕೂ ಇಲ್ಲಿವೆ ನೋಡಿ: ಶ್ರಮ, ಉಳಿತಾಯ, ಕಲ್ಯಾಣಮಿತ್ರ, ಮಿತವಾದ ಬದುಕು. ಅವರ ಸಾಲ ಅವರನ್ನು ಬೆಳೆಸಿತು. ನನ್ನ ಸಾಲ ಒಂದು ದಿನದ ಊಟಕ್ಕೆ ಮುಗಿಯಿತು.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳುತ್ತಾರೆ. ಒಂದು ಪಾಲು ಬಳಕೆಗೆ, ಎರಡು ಪಾಲು ಕಸುಬಿಗೆ, ಒಂದು ಪಾಲು ಆಪತ್ಕಾಲಕ್ಕೆ. ದಿನಗೂಲಿಯ ಮನೆಯಲ್ಲಿ ಬಳಕೆಗೇ ಎಲ್ಲ ಸಾಲದೆಂಬುದು ನನಗೆ ಗೊತ್ತು. ಪಾಲು ಚಿಕ್ಕದಿರಲಿ, ಆದರೆ ಇರಲಿ. ಕಸುಬಿನ ಪಾಲೆಂದರೆ ಹೊಲಿಗೆಯವಳಿಗೆ ಹೊಸ ಮಷೀನು, ಗೌಂಡಿಗೆ ಸ್ವಂತ ಸಾಮಾನು, ಗುಮಾಸ್ತನಿಗೆ ಕಂಪ್ಯೂಟರ್ ತರಬೇತಿ, ಮಗಳಿಗೆ ಇನ್ನೊಂದು ಪದವಿ. ನಿನ್ನೆ ಬಾರದ ಕೆಲಸ ಇಂದು ಬಂದರೆ ಅದೇ ಉಟ್ಠಾನ.

ಆಪತ್ತಿನ ಪಾಲು: ಆರ್.ಡಿ. ತಿಂಗಳಿಗೆ ನೂರು ರೂಪಾಯಿಯಿಂದಲೇ ಶುರುವಾಗುತ್ತದೆ. ಪ್ರಧಾನಮಂತ್ರಿ ಸುರಕ್ಷಾ ವಿಮೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ಡಿಜೆಗೆ ಕೊಟ್ಟಷ್ಟೂ ಬೇಡ ಇದಕ್ಕೆ.

ಈಗಾಗಲೇ ಸಾಲದ ಸುಳಿಯಲ್ಲಿರುವವರಿಗೆ ಒಂದು ಮಾತು. ಮನೆ ಬಾಗಿಲಿಗೆ ಬಂದು ಅವಮಾನಿಸುವ ವಸೂಲಿಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಹೆದರಿ ಊರು ಬಿಡಬೇಡಿ, ಜೀವಕ್ಕೆ ಅಪಾಯ ತಂದುಕೊಳ್ಳಬೇಡಿ. ನಮ್ಮ ಬಳಗದಲ್ಲಿ ಯಾರಿಗಾದರೂ ಹೇಳಿ. ಠಾಣೆಗಾದರೂ ಬ್ಯಾಂಕಿಗಾದರೂ ಜೊತೆಗೆ ಬರುತ್ತೇವೆ. ಕಲ್ಯಾಣಮಿತ್ರರು ಇರುವುದು ಇದಕ್ಕೇ.

ಜಿಪುಣರಾಗಿ ಎಂದು ಬುದ್ಧರು ಹೇಳಲಿಲ್ಲ. ಇದ್ದೂ ಉಣ್ಣದವನ ಬದುಕನ್ನೂ ಅವರು ಮೆಚ್ಚಲಿಲ್ಲ. ಉಳಿಸುವುದು ಶ್ರೀಮಂತರಾಗಲಿಕ್ಕೆ ಅಲ್ಲ. ಯಾರ ಮುಂದೆಯೂ ಕುರ್ಚಿ ಬಿಟ್ಟು ಏಳದೆ ಇರಲಿಕ್ಕೆ. ಋಣವಿಲ್ಲದೆ ಇರುವುದನ್ನು ಬುದ್ಧರು ಗೃಹಸ್ಥರ ನಾಲ್ಕು ಸುಖಗಳಲ್ಲಿ ಒಂದೆಂದು ಎಣಿಸಿದ್ದಾರೆ.

ಇಂದಿನ ಅಭ್ಯಾಸ: ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ, ಮಕ್ಕಳೂ ಸೇರಿ, ಒಂದು ಹಾಳೆಯಲ್ಲಿ ಬರೆಯಿರಿ. ಬರುವ ದಾರಿ ಎಷ್ಟು, ಹೋಗುವ ದಾರಿ ಎಷ್ಟು? ಒಂದು ತೂಬನ್ನು ಈ ತಿಂಗಳೇ ಮುಚ್ಚಿ.

ಭವತು ಸಬ್ಬ ಮಂಗಲಂ. ಜೈ ಭೀಮ್.