ತಾಹೋ ಸರೋವರದ ಬಚ್ಚಲ ನೀರು

ಬೇಸಿಗೆಯಲ್ಲಿ ಮಗನ ಮನೆಗೋ ಮಗಳ ಮನೆಗೋ ಕ್ಯಾಲಿಫೋರ್ನಿಯಾಕ್ಕೆ ಹೋದ ನಮ್ಮೂರ ಅಪ್ಪ–ಅಮ್ಮಂದಿರು ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೊ ಹಾಕುವುದು ಖಾತ್ರಿ. ಹಿಂದೆ ಅಲ್ಲಲ್ಲಿ ಹಿಮ ಉಳಿದ ಬೆಟ್ಟ, ಮುಂದೆ ನೀಲಿ ನೀರು, ನಡುವೆ ಸ್ವೆಟರು ತೊಟ್ಟ ದಂಪತಿ. ಅದು ತಾಹೋ ಸರೋವರ. ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಕಾರಿನಲ್ಲಿ ನಾಲ್ಕು ತಾಸಿನ ದಾರಿ. ಅಲ್ಲಿನ ಕನ್ನಡಿಗರಿಗೆ ವಾರಾಂತ್ಯದ ಮಾಮೂಲು ಜಾಗ.

ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿ 35 ಕಿ.ಮೀ. ಉದ್ದ, 19 ಕಿ.ಮೀ. ಅಗಲ, 501 ಮೀಟರ್ ಆಳದ ನೀರು ನಿಂತಿದೆ ಎಂದುಕೊಳ್ಳಿ. ಚಳಿಗಾಲದಲ್ಲಿ ಸುತ್ತಲಿನ ಇಳಿಜಾರುಗಳಲ್ಲಿ ಸ್ಕೀಯಿಂಗ್. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದೂ ಇಲ್ಲೇ ಪಕ್ಕದ ಕಣಿವೆಯಲ್ಲಿ. ಬೇಸಿಗೆಯಲ್ಲಿ ದೋಣಿ, ಸೈಕಲ್ಲು, ಚಾರಣ. ಸ್ಯಾಂಡ್ ಹಾರ್ಬರ್ ಎಂಬ ದಡದಲ್ಲಿ ತಳವೆಲ್ಲ ಗಾಜಿನಂತೆ ಕಾಣುವ ಕಯಾಕ್‌ಗಳಿವೆ. ಕೂತು ಹುಟ್ಟು ಹಾಕುತ್ತಿದ್ದರೆ ಕಾಲಡಿಯಲ್ಲೇ ಆನೆ ಗಾತ್ರದ ಬಂಡೆಗಳು ಸರಿದುಹೋಗುತ್ತವೆ. ಜನ ದುಡ್ಡು ಕೊಡುವುದು ತಳ ಕಾಣುವ ಆ ಸುಖಕ್ಕೆ.

ಆ ಸುಖ ಉಳಿದಿರುವುದರಲ್ಲಿ ಬಚ್ಚಲ ನೀರಿನ ಪೈಪಿನ ಪಾಲು ದೊಡ್ಡದು. ಪ್ರವಾಸಿ ಕೈಪಿಡಿಗಳಿಗೆ ಮಾತ್ರ ಆ ಸುದ್ದಿ ಬೇಡ.

ಸರೋವರಕ್ಕೆ ಬಂದು ಸೇರುವ ಹೊಳೆ–ತೊರೆಗಳು 63. ಹೊರಗೆ ಹೋಗುವುದು ಟ್ರಕೀ ನದಿ ಒಂದೇ. ಅದೂ ಸಮುದ್ರ ಸೇರುವುದಿಲ್ಲ, ನೆವಾಡದ ಒಣಭೂಮಿಯ ಪಿರಮಿಡ್ ಸರೋವರದಲ್ಲಿ ನಿಂತುಬಿಡುತ್ತದೆ. ಹೀಗಾಗಿ ತಾಹೋಗೆ ಬಂದ ನೀರು ಸರಾಸರಿ 650 ವರ್ಷ ಅಲ್ಲೇ ಇರುತ್ತದೆ ಎಂಬುದು ವಿಜ್ಞಾನಿಗಳ ಲೆಕ್ಕ. ವಿಜಯನಗರದ ಕಾಲದಲ್ಲಿ ಬಿದ್ದ ಕೊಳೆ ಈಗ ಹೊರಡುವ ಮಾತು! 1960ರ ದಶಕದಲ್ಲಿ ಹೋಟೆಲು, ಕ್ಯಾಸಿನೊ, ರಜಾಮನೆಗಳು ಸಾಲುಗಟ್ಟಿದಾಗ ಅಲ್ಲಿಯವರಿಗೆ ಹೆದರಿಕೆ ಹುಟ್ಟಿದ್ದು ಇದರಿಂದಲೇ. ಸಂಸ್ಕರಿಸಿದ ಕೊಳಚೆಯಲ್ಲೂ ಸಾರಜನಕ, ರಂಜಕ ಉಳಿಯುತ್ತವೆ. ಅವು ಪಾಚಿಗೆ ಗೊಬ್ಬರ. ಆದ್ದರಿಂದ ಸಂಸ್ಕರಿಸಿದ್ದಾದರೂ ಸರಿ, ಜಲಾನಯನದೊಳಗೆ ಬಿಡಕೂಡದು ಎಂದು ತೀರ್ಮಾನವಾಯಿತು. ದಕ್ಷಿಣ ದಡದ ಊರಿನ ಶೌಚದ ನೀರು ಶುದ್ಧವಾದ ಮೇಲೆ, ಸರೋವರಕ್ಕಿಂತ 400 ಮೀಟರಿಗೂ ಹೆಚ್ಚು ಎತ್ತರದ ಲೂಥರ್ ಪಾಸ್ ಕಣಿವೆದಾರಿಗೆ ಪಂಪಿನಲ್ಲಿ ಏರಿ, ಆಚೆಯ ಆಲ್ಪೈನ್ ಕೌಂಟಿಗೆ ಇಳಿಯುತ್ತದೆ. ಅಲ್ಲಿ ದನಗಳ ಹುಲ್ಲುಗಾವಲಿಗೆ ಅದೇ ನೀರು. ಉಳಿದ ದಡಗಳ ಕೊಳಚೆಯೂ ಬೇರೆ ಬೇರೆ ದಾರಿ ಹಿಡಿದು ಹೊರಗೇ ಹೋಗುತ್ತದೆ. ನಮ್ಮ ಗಿರಿಧಾಮಗಳಲ್ಲಿ ರೆಸಾರ್ಟು ಮೊದಲು ಏಳುತ್ತದೆ, ಚರಂಡಿಯ ಮಾತು ಆಮೇಲೆ ಬರುತ್ತದೆ. ಅದಕ್ಕೇ ಈ ವಿವರ ನನಗೆ ಸರೋವರದ ಎಮರಾಲ್ಡ್ ಬೇ ಕೊಲ್ಲಿಯ ಸೊಬಗಿಗಿಂತ ಹೆಚ್ಚು ಹಿಡಿಸಿತು.

ಹಾಗೆಂದು ಎಲ್ಲ ಗೆದ್ದಾಯಿತು ಎನ್ನುವಂತಿಲ್ಲ. ಊಟದ ತಟ್ಟೆಯಷ್ಟು ಅಗಲದ ಬಿಳಿಯ ಬಿಲ್ಲೆಯೊಂದನ್ನು ಹಗ್ಗಕ್ಕೆ ಕಟ್ಟಿ ದೋಣಿಯಿಂದ ಇಳಿಬಿಡುತ್ತಾರೆ. ಕಣ್ಣಿಗೆ ಕಾಣದಾಗುವ ಆಳವೇ ಆ ದಿನದ ತಿಳಿತನದ ಅಳತೆ. 1968ರಲ್ಲಿ ಅದು ಸರಾಸರಿ 31 ಮೀಟರ್ ಇತ್ತು. ಈಚೆಗೆ ಇಪ್ಪತ್ತರ ಆಸುಪಾಸು. ತಪ್ಪಿತಸ್ಥರಲ್ಲಿ ಮೊದಲನೆಯದು ರಸ್ತೆಯ ದೂಳು. ಸ್ಕೀಯಿಂಗ್‌ಗೆ ಬರುವ ಕಾರುಗಳು ಹಿಮದಲ್ಲಿ ಜಾರಬಾರದೆಂದು ರಸ್ತೆಗೆ ಮರಳು ಚೆಲ್ಲುತ್ತಾರೆ. ಚಕ್ರಗಳಡಿ ಅರೆದರೆದು ಹಿಟ್ಟಾದ ಮರಳು ಹಿಮ ಕರಗಿದಾಗ ನೀರಿಗೆ ಹೋಗುತ್ತದೆ. ಅಷ್ಟು ಸಣ್ಣ ಕಣ ಬೇಗ ತಳ ಸೇರುವುದಿಲ್ಲ, ತೇಲುತ್ತಲೇ ಬೆಳಕನ್ನು ಚದುರಿಸುತ್ತದೆ. ಚಳಿಗಾಲದ ಆಟ ಬೇಸಿಗೆಯ ಆಟಕ್ಕೆ ಮಣ್ಣು ಹಾಕುತ್ತಿದೆ ಎಂದರೆ ಇಲ್ಲಿ ಅಕ್ಷರಶಃ ನಿಜ.

ದೋಣಿಗಳ ಮೇಲೆ ಕಟ್ಟುನಿಟ್ಟು ಸಾಧ್ಯವಾಗಿದೆ. ಹೊಗೆಯುಗುಳುವ ಹಳೆಯ ಮಾದರಿಯ ಟೂ-ಸ್ಟ್ರೋಕ್ ಎಂಜಿನ್‌ಗಳಿಗೆ 1999ರಲ್ಲೇ ನಿಷೇಧ ಬಿತ್ತು. ಬೇರೆ ಕೆರೆಯ ಮೃದ್ವಂಗಿಗಳು ಅಂಟಿಕೊಂಡು ಬಂದಾವೆಂದು ಮೋಟಾರು ದೋಣಿಯನ್ನು ತಪಾಸಣೆ ಮಾಡದೆ ನೀರಿಗಿಳಿಸುವುದಿಲ್ಲ. ಸರೋವರದಿಂದ ಮೇಲೆತ್ತುವಾಗ ದೋಣಿಗೂ ಟ್ರೇಲರಿಗೂ ತಂತಿ ಬಿಗಿದು ಸೀಲು ಹಾಕುತ್ತಾರೆ. ಸೀಲು ಹರಿಯದಿದ್ದರೆ ಮುಂದಿನ ಸಲ ಪರೀಕ್ಷೆ ಸಲೀಸು. ಯಾರೂ ಇದನ್ನು ಅವಮಾನವೆಂದುಕೊಳ್ಳುವುದಿಲ್ಲ.

ಕಾರಿನ ವಿಷಯಕ್ಕೆ ಬಂದರೆ ಹಾಗಿಲ್ಲ. ಎರಡು ರಾಜ್ಯಗಳ ನಡುವೆ ಹಂಚಿಹೋದ ಸರೋವರ, ಸುತ್ತುದಾರಿ ಬಹಳ ಕಡೆ ಎರಡೇ ಲೇನು, ಜುಲೈ ನಾಲ್ಕರ ರಜೆಗೆ ಮೈಲಿಗಟ್ಟಲೆ ನಿಂತ ವಾಹನಗಳು. ಒಳಬರುವ ಕಾರಿಗೆ ಶುಲ್ಕ ಹಾಕೋಣವೆಂಬ ಮಾತು ಆಗಾಗ ಏಳುತ್ತದೆ. ಶೌಚದ ನೀರನ್ನು ಬೆಟ್ಟ ಹತ್ತಿಸಿದ ಊರುಗಳು ಈ ಒಂದು ಮಾತಿನ ಮುಂದೆ ಇನ್ನೂ ಚರ್ಚೆಯಲ್ಲೇ ಇವೆ.