ಗೂಡು ಕಟ್ಟಿದವನ ಹೊಣೆ

ಧನುರ್ಮಾಸದ ಒಂದು ಬೆಳಗಿನಲ್ಲಿ ಕೋಳಿಯ ಗೂಡಿನ ಬಾಗಿಲನ್ನು ತೆರೆದಾಗ, ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಉಸಿರುಗಟ್ಟಿ ಸತ್ತ ಹತ್ತು ಮರಿಗಳು ಕಂಡರೆ ಮನೆಯವರು ಮರುಗುವರು. ಚಳಿಯ ಮೇಲೆ ಯಾರೂ ಕೋಪಗೊಳ್ಳುವುದಿಲ್ಲ. ಅದೇ ಹತ್ತು ಮರಿಗಳು ಕತ್ತು ಮುರಿದು ಬಿದ್ದಿದ್ದು, ಗೋಡೆಯ ಬುಡದಲ್ಲಿ ಪುನುಗುಬೆಕ್ಕಿನ ಹೆಜ್ಜೆ ಕಂಡಿತೆಂದರೆ ಮರುಕಕ್ಕಿಂತ ಮೊದಲು ರೋಷ ಹುಟ್ಟುತ್ತದೆ. ಮಧ್ಯಾಹ್ನದೊಳಗಾಗಿ ಉರುಲು ಸಿದ್ಧವಾಗುತ್ತದೆ, ಇಲ್ಲವೆ ವಿಷ ಸವರಿದ ಮಾಂಸದ ತುಂಡು. ಸತ್ತ ಮರಿಗಳ ಸಂಖ್ಯೆ ಒಂದೇ. ಮನೆಗೆ ಒದಗಿದ ನಷ್ಟವೂ ಒಂದೇ. ಒಂದಕ್ಕೆ ದೈವವೆಂದೂ ಮತ್ತೊಂದಕ್ಕೆ ಅಪರಾಧವೆಂದೂ ಹೆಸರಿಡುವ ಈ ಭೇದವು ನ್ಯಾಯವಾದುದೆ ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ. ವಿಷಯವು ಕೋಳಿಮರಿಯದೆಂದು ವಾಚಕರು ಹಗುರವಾಗಿ ಎಣಿಸಬೇಕಾದುದಿಲ್ಲ. ಧರ್ಮಸೂಕ್ಷ್ಮವು ಯಜ್ಞಶಾಲೆಯಲ್ಲಿಯೇ ವಾಸಿಸತಕ್ಕದ್ದೆಂಬ ನಿಯಮವೇನೂ ಇಲ್ಲವಷ್ಟೆ.

ಅಮರಕೋಶವು ಹುಂಜಕ್ಕೆ ಕೊಟ್ಟಿರುವ ಹೆಸರುಗಳಲ್ಲಿ 'ಚರಣಾಯುಧ' ಎಂಬುದೂ ಒಂದು. ಕಾಲೇ ಆಯುಧವಾಗಿ ಉಳ್ಳದ್ದು. ಆದರೆ ಎಂಟು ದಿನದ ಮರಿಗೆ ಆ ಆಯುಧವೂ ಇಲ್ಲ, ಮೈಮೇಲೆ ಗರಿಯೂ ಇಲ್ಲ. ಅದರ ನವಿರಾದ ತುಪ್ಪುಳು ಚಳಿಯನ್ನು ತಡೆಯಲಾರದು. ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯೂ ಅದಕ್ಕೆ ಇನ್ನೂ ಬಂದಿರುವುದಿಲ್ಲ. ಮೊದಲ ವಾರದಲ್ಲಿ ಅದಕ್ಕೆ ಸುಮಾರು ೩೫ ಡಿಗ್ರಿ ಸೆಂಟಿಗ್ರೇಡಿನ ಶಾಖ ಬೇಕು. ಆಮೇಲೆ ವಾರಕ್ಕೆ ೩ ಡಿಗ್ರಿಯಂತೆ ಇಳಿಸುತ್ತ ಬರಬಹುದು. ಮಲೆನಾಡಿನ ಪೌಷಮಾಸದ ಬೆಳಗಿನ ಜಾವದ ಮಂಜಿನಲ್ಲಿ ಉಷ್ಣತೆಯು ೧೫ ಡಿಗ್ರಿಗೂ ಕೆಳಗಿಳಿಯುವುದುಂಟು. ನಡುವಣ ಈ ಇಪ್ಪತ್ತು ಡಿಗ್ರಿಯ ಅಂತರವನ್ನು ತುಂಬತಕ್ಕದ್ದು ತಾಯಿಕೋಳಿಯ ರೆಕ್ಕೆ. ೨೧ ದಿನ ಮೊಟ್ಟೆಯ ಮೇಲೆ ಕುಳಿತವಳು ಮರಿಗಳು ಹೊರಬಂದ ಮೇಲೆಯೂ ವಾರಗಟ್ಟಲೆ ಅವುಗಳಿಗೆ ಹೊದಿಕೆಯಾಗಿರುವಳು.

ಯಂತ್ರದಲ್ಲಿ ಹುಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿ ಪೇಟೆಯಿಂದ ಬರುವ ಮರಿಗೆ ಆ ರೆಕ್ಕೆಯಿಲ್ಲ. ಕೊಂಡು ತಂದವನೇ ಅದಕ್ಕೆ ತಾಯಿ. ಈ ತಾಯ್ತನವು ಅಷ್ಟೇನೂ ಸುಲಭವಾದುದಲ್ಲ. ಬೆಳಕಿನ ಬುರುಡೆಯನ್ನು ಎಷ್ಟು ಎತ್ತರದಲ್ಲಿ ತೂಗುಹಾಕಬೇಕೆಂಬುದನ್ನು ಮರಿಗಳೇ ಹೇಳುತ್ತವೆ: ಬುರುಡೆಯ ಅಡಿಯಲ್ಲಿ ಒತ್ತೊತ್ತಾಗಿ ಸೇರಿ ಕೀರಲುಗುಟ್ಟಿದರೆ ಚಳಿ; ಕೊಕ್ಕು ತೆರೆದು ದೂರ ಸರಿದರೆ ಸೆಕೆ; ಹರಡಿಕೊಂಡು ಮಲಗಿದರೆ ಹಿತ. ಚಳಿಗೆ ಹೆದರಿ ಗೂಡನ್ನು ಸಂದಿಲ್ಲದಂತೆ ಮುಚ್ಚಿದರೆ ಕೆಳಗಿನ ಹೊಟ್ಟು ತೇವಗೊಂಡು, ಹಿಕ್ಕೆಯ ಘಾಟು ಏರಿ, ಮರಿಗಳ ಕಣ್ಣು ಉಸಿರುಗಳೆರಡೂ ಕೆಡುತ್ತವೆ. ಮುಚ್ಚಿದ ಗೂಡಿನೊಳಗೆ ಇದ್ದಲಿನ ಅಗ್ಗಿಷ್ಟಿಕೆಯನ್ನಿಟ್ಟವನಂತೂ ಚಳಿಗಿಂತ ಬೇಗನೆ ಅವುಗಳನ್ನು ಕೊಲ್ಲುವನು. ಆದುದರಿಂದ ಮೇಲುಗಡೆ ಗಾಳಿಗೆ ಕಂಡಿ ಬೇಕು. ಆ ಕಂಡಿಗೆ ಅನೇಕರು ಗೋಣಿಯ ತಟ್ಟನ್ನು ಕಟ್ಟುವರು. ಗೋಣಿಯು ಮಂಜನ್ನು ತಡೆದೀತು, ಹಲ್ಲನ್ನು ತಡೆಯದು. ಹೀಗೆ ಚಳಿಗಾಲದ ಗೂಡಿನಲ್ಲಿ ಗಾಳಿಯ ದಾರಿಯೇ ಬೇಟೆಗಾರನ ದಾರಿಯೂ ಆಗಿಬಿಡುತ್ತದೆ.

ಬಯಲಿನಲ್ಲಿರುವ ಕೋಳಿಗೆ ತನ್ನದೇ ಆದ ರಕ್ಷಣೆಗಳುಂಟು. ಗಿಡುಗನ ನೆರಳು ಬಿದ್ದೊಡನೆ ತಾಯಿ ಕೂಗುತ್ತದೆ. ಮರಿಗಳು ಪೊದೆಯ ಕೆಳಗೆ ಚದರಿ ನಿಶ್ಚಲವಾಗುತ್ತವೆ. ಬೆಳೆದವು ಇರುಳಾಗುತ್ತಲೆ ಮರ ಹತ್ತುತ್ತವೆ. ಗೂಡು ಕಟ್ಟಿದವನು ಪೊದೆ ಮರಗಳೆರಡನ್ನೂ ಕಸಿದು, ಮರಿಗಳನ್ನೆಲ್ಲ ಒಂದೆಡೆ ಕೂಡಿಹಾಕಿ, ಓಡುವ ದಾರಿಯನ್ನು ಚಿಲಕದಿಂದ ಭದ್ರಪಡಿಸಿದ್ದಾನೆ. ತನ್ನ ಸೌಕರ್ಯಕ್ಕಾಗಿ ಇಷ್ಟನ್ನು ಕಸಿದುಕೊಂಡವನು ಅದಕ್ಕೆ ಸಮನಾದುದನ್ನು ಕೊಡತಕ್ಕವನೂ ಹೌದು. ಇದು ದಯೆಯಲ್ಲ, ಸಾಲ.

"ಹಸಿವಿಗೆ ಒಂದನ್ನು ಒಯ್ದಿದ್ದರೆ ಕ್ಷಮಿಸಬಹುದಾಗಿತ್ತು, ಹತ್ತನ್ನು ಕೊಂದು ಬಿಟ್ಟುಹೋಯಿತಲ್ಲ, ಇದು ದುಷ್ಟತನವಲ್ಲದೆ ಮತ್ತೇನು" ಎಂದು ಕೇಳುವವರುಂಟು. ಈ ಆಕ್ಷೇಪವು ಮೇಲ್ನೋಟಕ್ಕೆ ಬಲವಾದುದೇ. ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಿದ ಹಾನ್ಸ್ ಕ್ರೂಕ್ ಎಂಬ ವಿದ್ವಾಂಸನು ೧೯೭೨ರಲ್ಲಿ ಇದೇ ಸಂಗತಿಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಕಡಲತೀರದಲ್ಲಿ ನೆಲದ ಮೇಲೆ ಗೂಡುಕಟ್ಟುವ ಕಡಲಹಕ್ಕಿಗಳ ನಡುವೆ ಕಗ್ಗತ್ತಲ ರಾತ್ರಿಗಳಲ್ಲಿ ನರಿಗಳು ನುಗ್ಗಿ, ತಿನ್ನುವುದಕ್ಕಿಂತ ಬಹು ಹೆಚ್ಚಿನ ಹಕ್ಕಿಗಳನ್ನು ಕೊಂದುದನ್ನು ಆತನು ಕಂಡಿದ್ದನು. ಕತ್ತಲೆಯಲ್ಲಿ ಆ ಹಕ್ಕಿಗಳು ಹಾರಿ ತಪ್ಪಿಸಿಕೊಳ್ಳುತ್ತಿರಲಿಲ್ಲ. ಸಾಮಾನ್ಯವಾಗಿ ಒಂದು ಹಕ್ಕಿ ಸಿಕ್ಕುವಷ್ಟರಲ್ಲಿ ಉಳಿದವು ಹಾರಿಹೋಗಿರುವುವು. ಬೇಟೆಯು ತಾನಾಗಿಯೇ ಮುಗಿಯುವುದು. ಓಡದ ಬೇಟೆಯು ಮುಂದಿದ್ದರೆ ಕೊಲ್ಲುವ ಪ್ರವೃತ್ತಿಗೆ ಕಡಿವಾಣವಿಲ್ಲ. ಹೊಟ್ಟೆ ತುಂಬಿದರೂ ಅದು ನಿಲ್ಲದು. ಕೋಳಿಯ ಗೂಡು ಎಂಬುದು ವರ್ಷದ ಮುನ್ನೂರರವತ್ತೈದು ದಿನವೂ ಕಗ್ಗತ್ತಲ ರಾತ್ರಿಯಾಗಿರುವ ಸ್ಥಳ. ಒಳಹೊಕ್ಕ ಪ್ರಾಣಿಯು ಒಂದನ್ನು ಕೊಂದರೆ ಅದು ಅದರ ಹಸಿವು. ಹತ್ತನ್ನು ಕೊಂದರೆ ಅದರಲ್ಲಿ ಗೋಡೆಯ ಪಾಲೂ ಇದೆ. ಗೋಡೆಯನ್ನು ಕಟ್ಟಿದವನು ಯಾರು?

ಶಿಬಿಯ ಕಥೆಯನ್ನು ಬಲ್ಲವರು ಪಾರಿವಾಳವನ್ನು ನೆನೆಯುವಷ್ಟು ಗಿಡುಗವನ್ನು ನೆನೆಯುವುದಿಲ್ಲ. ಮಹಾಭಾರತದಲ್ಲಿ ಗಿಡುಗವು ರಾಜನೊಡನೆ ವಾದಿಸುತ್ತದೆ: ಇದು ತನಗೆ ವಿಹಿತವಾದ ಆಹಾರ, ಇದನ್ನು ತಡೆದರೆ ತಾನೂ ತನ್ನ ಹೆಂಡಿರು ಮಕ್ಕಳೂ ಸಾಯುವರು, ಒಂದನ್ನು ಉಳಿಸಿ ಹಲವರನ್ನು ಕೊಲ್ಲುವುದು ಯಾವ ಧರ್ಮ ಎಂಬುದು ಅದರ ವಾದದ ಸಾರ. ರಾಜನು ಆ ವಾದವನ್ನು ಸುಳ್ಳೆನ್ನಲಿಲ್ಲ, ಗಿಡುಗವನ್ನು ದುಷ್ಟನೆಂದು ಬೈಯಲೂ ಇಲ್ಲ. ಶರಣಾಗತನನ್ನು ಬಿಟ್ಟುಕೊಡಲಾರೆನೆಂದು ಹೇಳಿ, ಅದರ ಬೆಲೆಯನ್ನು ತನ್ನ ತೊಡೆಯಿಂದ ಕೊಯ್ದು ತಕ್ಕಡಿಯಲ್ಲಿಟ್ಟನು. ರಕ್ಷಣೆಯ ಬೆಲೆಯು ರಕ್ಷಕನ ಮೈಯಿಂದ ಹೋಗತಕ್ಕದ್ದೇ ಹೊರತು ಹಸಿದವನ ಪ್ರಾಣದಿಂದಲ್ಲ.

ಮರಿಯು ಶರಣಾಗತನಲ್ಲ, ನಾಳೆ ಅದನ್ನು ತಿನ್ನುವವನೇ ಇಂದು ಕಾಯುತ್ತಿದ್ದಾನೆ, ಅಲ್ಲಿ ಶಿಬಿಯ ಮಾತೇಕೆ ಎಂದು ನಗಬಹುದು. ನಗೆಯು ಸಲ್ಲತಕ್ಕದ್ದೇ, ಆದರೆ ಅದು ಪುನುಗುಬೆಕ್ಕಿನ ಪಕ್ಷಕ್ಕೆ ಬಲ ಕೊಡುತ್ತದೆ. ತಾನು ಮಾಡಲಿರುವ ಕೆಲಸವನ್ನೇ ಮತ್ತೊಂದು ಪ್ರಾಣಿ ಮುಂಚಿತವಾಗಿ ಮಾಡಿತೆಂದು ಅದನ್ನು ಪಾಪಿಯೆನ್ನುವುದಕ್ಕೆ ಯಾವ ತರ್ಕವೂ ಒಪ್ಪದು. ಇದಕ್ಕಿಂತ ಭಾರವಾದ ಆಕ್ಷೇಪವೊಂದುಂಟು. ಇಪ್ಪತ್ತು ಮರಿಗಳನ್ನು ನಂಬಿಕೊಂಡು ಮಕ್ಕಳ ಪುಸ್ತಕಕ್ಕೂ ಎಣ್ಣೆಗೂ ದಾರಿ ಮಾಡಿಕೊಂಡಿರುವ ಬಡ ಹೆಂಗಸಿಗೆ ಈ ವಿಚಾರವೆಲ್ಲ ಹೊಟ್ಟೆ ತುಂಬಿದವರ ಮಾತಾಗಿ ತೋರಬಹುದು. ಅವಳ ನಷ್ಟವು ನಿಜವಾದುದು. ಅದನ್ನು ಉಪದೇಶದಿಂದ ತುಂಬಲಾಗದು. ಆದರೆ ಉರುಲೂ ತುಂಬಲಾರದು. ಒಂದು ಪುನುಗು ಸತ್ತರೆ ಆ ಎಡೆಗೆ ಮತ್ತೊಂದು ಬರುವುದು. ಹರಿದ ಗೋಣಿ ಹಾಗೆಯೇ ಇರುವುದು. ಅರ್ಧ ಅಂಗುಲದ ಕಣ್ಣುಳ್ಳ ಗಟ್ಟಿ ತಂತಿಯ ಬಲೆ, ನೆಲವನ್ನು ಕೊರೆದು ಬರದಂತೆ ಒಂದಡಿ ಆಳಕ್ಕೆ ಹೂತ ಅದರ ಅಂಚು, ಸಂಜೆ ತಪ್ಪದೆ ಹಾಕುವ ಅಗಳಿ, ಇವು ಅವಳಿಗೆ ಒದಗುವಂತೆ ನೆರೆಯವರು ನೆರವಾದರೆ ಆ ಮಾತಿಗೆ ಬೆಲೆ ಬಂದೀತು. ಮುಂಗುಸಿಯು ಹಗಲಿನ ಪ್ರಾಣಿಯಾದುದರಿಂದ ಮನೆಯವರು ಗದ್ದೆಗೆ ಹೋದ ಹೊತ್ತಿನಲ್ಲಿಯೂ ಚಿಕ್ಕ ಮರಿಗಳು ಬಲೆಯೊಳಗೇ ಇರಬೇಕು.

೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಪಟ್ಟಿಗಳಲ್ಲಿ ಪುನುಗು, ಮುಂಗುಸಿ, ಕೇರೆಹಾವುಗಳು ಸೇರಿವೆ. ತನ್ನ ಅಥವಾ ಪರರ ರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಶಾಸನವು ಅಪರಾಧವೆನ್ನುವುದಿಲ್ಲ. ಆ ವಿನಾಯಿತಿಯಲ್ಲಿ ಕೋಳಿಯ ಹೆಸರಿಲ್ಲ. ವಿಷವಿಡುವುದಂತೂ ಶಾಸನವಿಲ್ಲದಿದ್ದರೂ ಹೇಯವೇ. ವಿಷವು ಆಳು ನೋಡಿ ಕೊಲ್ಲದು. ನೆರೆಮನೆಯ ನಾಯಿಯೂ ಕಾಗೆಯೂ ಅದಕ್ಕೆ ಒಂದೇ.

ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಡುವುದು ಕರುಣೆಯ ಮಾರ್ಗವೆಂದು ಹಲವರು ನಂಬಿರುವರು. ಬಿಟ್ಟ ಜಾಗದಲ್ಲಿ ಆ ಪ್ರಾಣಿಗೆ ಬಿಲ ತಿಳಿಯದು, ನೀರು ತಿಳಿಯದು; ಅಲ್ಲಿ ಮೊದಲೇ ನೆಲೆಸಿರುವ ಸಜಾತೀಯರು ಅದನ್ನು ಸೇರಗೊಡರು; ಹಾಲೂಡುವ ತಾಯಿಯಾಗಿದ್ದರೆ ಇತ್ತ ಬಿಲದಲ್ಲಿ ಮರಿಗಳು ಹಸಿದು ಸಾಯುವುವು. ಕಣ್ಣಿಗೆ ಕಾಣದ ಎಡೆಯಲ್ಲಿ ನಡೆಯುವ ಸಾವು ಎಂಬಿಷ್ಟೇ ಅದರ ವಿಶೇಷ.

ಕೇರೆಹಾವಿನ ವಿಷಯ ಇನ್ನೂ ಬೇರೆ. ಅದು ಗೂಡಿಗೆ ಬರುವುದು ಬಹುಮಟ್ಟಿಗೆ ಇಲಿಯ ಜಾಡು ಹಿಡಿದು. ಇಲಿ ಬರುವುದು ರಾತ್ರಿ ಗೂಡಿನಲ್ಲಿ ಚೆಲ್ಲಿ ಬಿಟ್ಟ ಕಾಳಿಗೆ. ಅದಕ್ಕೆ ವಿಷವಿಲ್ಲ. ಬುಟ್ಟಿಯ ಮೊಟ್ಟೆಯೊಂದನ್ನು ನುಂಗಿ ಮೂಲೆಯಲ್ಲಿ ಸುರುಳಿ ಸುತ್ತಿದ್ದರೆ, ಮರಿಗಳನ್ನು ಈಚೆಗೆ ತೆಗೆದು ಬಾಗಿಲನ್ನು ತೆರೆದಿಟ್ಟು ದೂರ ನಿಂತರೆ ಸಾಕು. ಬಿಸಿಲೇರುತ್ತಿದ್ದಂತೆ ಬಂದ ದಾರಿಯಲ್ಲಿಯೇ ಹೊರಟುಹೋಗುವುದು. ಆ ದಾರಿಯು ಯಾವುದೆಂಬುದು ಆಗ ತಿಳಿಯುವುದರಿಂದ, ಹೊತ್ತು ಮುಳುಗುವುದರೊಳಗೆ ಅದನ್ನು ಕಲ್ಲು ಗಾರೆಗಳಿಂದ ಮುಚ್ಚುವುದೂ, ನೆಲದ ಮೇಲಿನ ಕಾಳನ್ನು ಗುಡಿಸುವುದೂ ಮಾತ್ರ ಉಳಿದಿರುತ್ತದೆ.