ಒಂದು ಡಾಲರಿನ ಮರ್ಯಾದೆ

ಕಲಾವಿದರಿಗೆ ಅಭಿಮಾನಿಗಳೇ ತಿಂಗಳು ತಿಂಗಳು ಕೈಲಾದಷ್ಟು ಹಣ ಕೊಡುವ 'ಪೇಟ್ರಿಯಾನ್' ಎಂಬ ಇಂಟರ್ನೆಟ್ ವ್ಯವಸ್ಥೆ ಅಮೆರಿಕದಲ್ಲಿ ಶುರುವಾದದ್ದು 2013ರಲ್ಲಿ. ಸ್ಥಾಪಕರಲ್ಲೊಬ್ಬರಾದ ಜ್ಯಾಕ್ ಕಾಂಟೆ ಸ್ವತಃ ಸಂಗೀತಗಾರ. 2017ರ ಡಿಸೆಂಬರ್‌ನಲ್ಲಿ ಅದು ಪಾವತಿಯ ಖರ್ಚನ್ನು ಕೊಡುವವರ ಮೇಲೆಯೇ ಹೊರಿಸಲು ಹೊರಟಿತು: ಪ್ರತಿ ಕೊಡುಗೆಗೂ ಶೇ. 2.9, ಮೇಲೆ 35 ಸೆಂಟ್. ನೂರು ಡಾಲರ್ ಕೊಡುವವನಿಗೆ ಮೂರು ಡಾಲರ್ ಚಿಲ್ಲರೆ ಹೆಚ್ಚು ಹೋದರೆ ಅದೇನೂ ದೊಡ್ಡದಲ್ಲ. ಒಂದೇ ಡಾಲರ್ ಕೊಡುವವನು ಮಾತ್ರ 1.38 ಡಾಲರ್ ತೆರಬೇಕು. ಅಂದರೆ ಭಾರ ಬಿದ್ದದ್ದು ಬಡವನ ಮೇಲೆ. ಅನೇಕರು ಹಿಂದೆ ಸರಿದರು, ಕಲಾವಿದರು ಸಿಟ್ಟಾದರು. ಒಂದು ವಾರದೊಳಗೆ ಕಂಪೆನಿ ಕ್ಷಮೆ ಕೇಳಿ ಯೋಜನೆ ಕೈಬಿಟ್ಟಿತು.

ಹಾಗಾದರೆ ಕಮಿಷನ್ ಕಡಿಮೆ ಇರುವಲ್ಲಿಗೆ ಹೋದರೆ ಸಾಕೇ? 'ಲಿಬೆರಾಪೇ' ಕಮಿಷನ್ನೇ ಪಡೆಯುವುದಿಲ್ಲ. ತಾನೂ ದೇಣಿಗೆಯಿಂದಲೇ ನಡೆಯುತ್ತದೆ. ಆದರೆ ಅಲ್ಲಿ ಕೊಡುಗೆಗೆ ಪ್ರತಿಯಾಗಿ ಏನನ್ನೂ ಮಾರುವಂತಿಲ್ಲ. ಪೇಟ್ರಿಯಾನ್‌ನಲ್ಲೋ, ಹೆಚ್ಚು ಕೊಟ್ಟವನಿಗೆ ಹೆಚ್ಚು ಸಿಗುವಂತೆ ಮೆಟ್ಟಿಲುಗಳನ್ನು ಕಟ್ಟಬಹುದು. ನಿಜವಾದ ಆಯ್ಕೆ ಇಲ್ಲಿದೆ: ಬರುವ ಹಣ ಬೆಲೆಯೋ, ಪ್ರೀತಿಯೋ? ಕಲಾವಿದನ ದುಡಿಮೆ ಭಿಕ್ಷೆಯಲ್ಲ, ಬೆಲೆ ಕೇಳುವುದು ಅವನ ಹಕ್ಕು. ಬಾಡಿಗೆ ಕಟ್ಟಬೇಕಾದವನು ಮೆಟ್ಟಿಲು ಕಟ್ಟಿದರೆ ನಾನಂತೂ ತಪ್ಪೆನ್ನಲಾರೆ. ಅವನ ಹೊಸ ಹಾಡಾದರೂ ಆ ಒಂದು ಡಾಲರಿನವನಿಗೆ ಕೇಳಿಸಲಿ ಎಂದಷ್ಟೇ ನನ್ನ ಆಸೆ.